ಮೆಹಂದಿ ಮನೆಯ ಪದ್ಯ ಎಲ್ಲಿಂದ ಬಂತು?

ಕಳೆದ ಬೇಸಿಗೆಯ ಮಾತು. ತ್ರಾಸಿಯಿಂದ ಸ್ವಲ್ಪ ಒಳಗೆ ಒಂದು ಮೆಹಂದಿ ಮನೆ. ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಹಟ್ಟಿಯ ಮಗ್ಗುಲಲ್ಲಿ ಡಿಜೆಯವರ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು. ದನ ಬೆದರುತ್ತದೆ ಎಂದು ಅದನ್ನು ಸಂಜೆಯೇ ಪಕ್ಕದ ಮನೆಗೆ ಹೊಡೆದುಕೊಂಡು ಹೋಗಿದ್ದರು. ಊಟ ಮುಗಿಯುವ ಹೊತ್ತಿಗೆ ಒಂದು ಹಾಡು ಶುರುವಾಯಿತು. ಮದುಮಗಳ ಗೆಳತಿಯರು ಕುಣಿದರು. ಬೆಂಗಳೂರಿನ ಹೋಟೆಲಿನಿಂದ ರಜೆ ಹಾಕಿ ಬಂದಿದ್ದ ಹುಡುಗರು ಕುಣಿದರು. ಬಡಿಸುತ್ತಿದ್ದವರೂ ಸೌಟು ಹಿಡಿದುಕೊಂಡೇ ಎರಡು ಹೆಜ್ಜೆ ಹಾಕಿದರು. ಜಗಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ನಮ್ಮನ್ನು ಹತ್ತಿರ ಕರೆದು ಕೇಳಿದರು: “ಇದ್ ಯಾವೂರ್ ಪದ್ಯ ಮಗಾ? ನಮ್ ಬದಿದಲ್ಲ ಅಲ್ದಾ?”

ಹೌದು, ನಮ್ಮ ಬದಿಯದಲ್ಲ. ಅದು ‘ನಾ ಡ್ರೈವರ’. ಹಾಡಿದವರು ಮಾಳು ನಿಪನಾಳ. ಬೆಳಗಾವಿ ಜಿಲ್ಲೆ ರಾಯಬಾಗ ತಾಲೂಕಿನ ನಿಪನಾಳ ಅವರ ಊರು, ಊರಿನ ಹೆಸರೇ ಅವರ ಹೆಸರಿನ ಬಾಲ. ಇದು ಯಾವ ಸಿನಿಮಾದ ಹಾಡೂ ಅಲ್ಲ. ಟಾಕೀಸಿಗೆ ಬರಲಿಲ್ಲ, ಬೆಂಗಳೂರಿನ ದೊಡ್ಡ ನಿರ್ಮಾಪಕರು ಹಣ ಹಾಕಲಿಲ್ಲ. ಯೂಟ್ಯೂಬಿಗೆ ಬಂತು, ರೀಲ್ಸಿಗೆ ಹೋಯಿತು, ಅಲ್ಲಿಂದ ಕೋಟಿಗಟ್ಟಲೆ ಜನರ ಫೋನಿಗೆ ಹೋಯಿತು. ಅದೇ ಹಾಡಿನ ಬಲದಲ್ಲಿ ಅವರು 2025ರಲ್ಲಿ ಬಿಗ್ ಬಾಸ್ ಕನ್ನಡದ 12ನೇ ಸೀಸನ್ನಿನ ಮನೆಯೊಳಗೂ ಹೋದರು.

ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ನಮಗೆ ಬೇರೊಂದು ಪ್ರಶ್ನೆ ಹುಟ್ಟಿತು. ರಾಯಬಾಗದ ಹುಡುಗನ ಹಾಡು ತ್ರಾಸಿಯ ಅಂಗಳಕ್ಕೆ ಬಂದದ್ದು ಹೇಗೆ? ಕುಂದಾಪುರ, ಬೈಂದೂರು, ಬ್ರಹ್ಮಾವರದಿಂದ ಅಂಥ ಒಂದು ಹಾಡು ಆ ಕಡೆಗೆ ಇನ್ನೂ ಹೋಗಿಲ್ಲವಲ್ಲ, ಯಾಕೆ? ಇದನ್ನು ಹುಡುಕುತ್ತಾ ಹೋದರೆ ರೀಲ್ಸ್, ಯೂಟ್ಯೂಬ್ ಎಲ್ಲ ದಾಟಿ ಟೇಪ್ ರೆಕಾರ್ಡರಿನ ಕಾಲಕ್ಕೇ ಹೋಗಿ ನಿಲ್ಲಬೇಕಾಯಿತು.

ಟೇಪ್ ರೆಕಾರ್ಡರ್ ಎಂಬ ಶೇರ್ ಬಟನ್

ನಮ್ಮ ಕಡೆ ಹಾಡಿಗೆ ‘ಪದ್ಯ’ ಅಂತಲೇ ಹೇಳುವುದು. ಭಾಗವತರು ಹೇಳುವುದೂ ಪದ್ಯ, ಬಸ್ಸಿನಲ್ಲಿ ಹಾಕುವುದೂ ಪದ್ಯ, ಡಿಜೆಯಲ್ಲಿ ಬರುವುದೂ ಪದ್ಯವೇ. ಈ ಒಂದು ಮಾತಿನಲ್ಲೇ ನಮ್ಮ ಊರಿನ ಸಂಗೀತ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ.

ಗುಂಡ್ಮಿ ಕಾಳಿಂಗ ನಾವಡರ ಹೆಸರು ಕೇಳದವರು ಈ ಮೂರು ತಾಲೂಕಿನಲ್ಲಿ ಇರಲಿಕ್ಕಿಲ್ಲ. ಗುಂಡ್ಮಿ ಇವತ್ತಿನ ಬ್ರಹ್ಮಾವರ ತಾಲೂಕಿನಲ್ಲಿದೆ, ಸಾಲಿಗ್ರಾಮದ ಹತ್ತಿರ. (ಬ್ರಹ್ಮಾವರ, ಬೈಂದೂರು ಎರಡೂ ಬೇರೆ ತಾಲೂಕಾದದ್ದು 2018ರಲ್ಲಿ. ನಾವಡರ ಕಾಲದಲ್ಲಿ ಎಲ್ಲವೂ ಉಡುಪಿ, ಕುಂದಾಪುರ ಎಂದೇ ಇತ್ತು. ಉಡುಪಿ ಜಿಲ್ಲೆಯೂ ಆಗಿರಲಿಲ್ಲ.) ಸಾಲಿಗ್ರಾಮ ಮೇಳದ ಭಾಗವತರಾಗಿದ್ದ ಅವರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಮೂವತ್ತರ ಆಚೀಚೆ. ಅವರು ತೀರಿಕೊಂಡ ಮೇಲೆ ಹುಟ್ಟಿದ ನಮಗೂ ಅವರ ಸ್ವರ ಗೊತ್ತು. ಹೇಗೆ?

ಆಟದ ರಾತ್ರಿ ಜನ ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋಗುತ್ತಿದ್ದರು. ರಂಗಸ್ಥಳದ ಹತ್ತಿರ, ಇಲ್ಲವೇ ಮೈಕಿನ ಹಾರ್ನ್ ಕೆಳಗೆ ಇಟ್ಟು ಎರಡು ಬಟನ್ ಒಟ್ಟಿಗೆ ಒತ್ತಿದರೆ ಆಯಿತು. ಚಂಡೆಯ ಜೊತೆಗೆ ಪಕ್ಕದವರ ಕೆಮ್ಮು, ಕಡಲೆ ಮಾರುವವರ ಕೂಗು ಎಲ್ಲವೂ ಅದರಲ್ಲಿ ಸೇರುತ್ತಿತ್ತು. ಮರುದಿನ ಆ ಕ್ಯಾಸೆಟ್ಟು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಎರಡು ಡೆಕ್ಕಿನ ಟೇಪ್ ಇದ್ದವರು ಪ್ರತಿ ತೆಗೆದುಕೊಡುತ್ತಿದ್ದರು. ಮುಂಬೈ, ಬೆಂಗಳೂರಿನ ಹೋಟೆಲುಗಳಿಗೆ ದುಡಿಯಲು ಹೋದವರ ಚೀಲದಲ್ಲಿ ಉಪ್ಪಿನಕಾಯಿಯ ಜೊತೆಗೆ ನಾವಡರ ಪದ್ಯವೂ ಹೋಗುತ್ತಿತ್ತು. ಇಂದು ಯೂಟ್ಯೂಬಿನಲ್ಲಿ ಸಿಗುವ ನಾವಡರ ಹಳೆಯ ಪದ್ಯಗಳಲ್ಲಿ ಬಹಳಷ್ಟು ಬದುಕಿ ಉಳಿದದ್ದು ಹೀಗೆ ಅಭಿಮಾನಿಗಳು ಹಿಡಿದಿಟ್ಟುಕೊಂಡಿದ್ದರಿಂದ. ಕಂಪನಿ ಕೇಳಿಕೊಂಡಿರಲಿಲ್ಲ, ಯಾರೂ ಜಾಹೀರಾತು ಕೊಟ್ಟಿರಲಿಲ್ಲ. ‘ಫಾರ್ವರ್ಡ್’ ಎಂಬ ಮಾತು ಬರುವ ಮೊದಲೇ ನಮ್ಮ ಅಜ್ಜಂದಿರು ಫಾರ್ವರ್ಡ್ ಮಾಡುತ್ತಿದ್ದರು.

ಕುಣಿಯುವ ಪದ್ಯದ ಕತೆ ಮಾತ್ರ ಬೇರೆ. ನಾವಡರ ಪದ್ಯಕ್ಕೆ ಕುಣಿಯುವುದು ವೇಷಧಾರಿ, ನಾವು ಕೂತು ನೋಡುವವರು. ಊರವರೇ ಎದ್ದು ಕುಣಿಯುವ ತಾಳಗಳು ಬೇರೆಯೇ ಇದ್ದವು. ಬಾರ್ಕೂರು, ಬ್ರಹ್ಮಾವರದ ಸುತ್ತ ಹೋಳಿಗೆ ಕುಡುಬಿಯವರು ಗುಮಟೆ ಹಿಡಿದು ಮನೆ ಮನೆಗೆ ಬಂದು ಕುಣಿಯುತ್ತಾರೆ. ಗುಮಟೆ ಎಂದರೆ ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಬಿಗಿದದ್ದು. ಒಂದು ಕೈ ಚರ್ಮದ ಮೇಲೆ, ಇನ್ನೊಂದು ಕೈ ಮಡಕೆಯ ಇನ್ನೊಂದು ಬಾಯಿಯ ಮೇಲೆ. ಆ ಬಾಯಿ ಮುಚ್ಚಿ ತೆರೆದಂತೆ ‘ಬುಂ’ ಎಂಬ ಸದ್ದು ಏರಿಳಿಯುತ್ತದೆ. ಇವತ್ತಿನ ಡಿಜೆ ಹುಡುಗರು ‘ಬಾಸ್’ ಎಂದು ಹೇಳುವುದು ಇದನ್ನೇ.

ಇನ್ನೊಂದು ಕೊರಗರ ಡೋಲು. ಜಾತ್ರೆ, ಕಂಬಳ, ದೀಪೋತ್ಸವ ಎಲ್ಲ ಕಡೆ ಅದು ಬೇಕಾಗಿತ್ತು, ಬಾರಿಸುವವರಿಗೆ ಮಾತ್ರ ಅಂಗಳದ ಹೊರಗೇ ಜಾಗ. ಒತ್ತಾಯದ ಡೋಲು ಸೇರಿದಂತೆ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಊರು ಕುಣಿದ ಸದ್ದಿನ ಹಿಂದೆ ಯಾರಿದ್ದರು, ಅವರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆ ಹೊಸದೇನಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಬ್ರಹ್ಮಾವರ, ಕಲ್ಯಾಣಪುರದ ಕಡೆ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆಗೆ ಮುನ್ನ ‘ರೋಸ್’ ಇರುತ್ತದೆ. ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ಆ ಸಂಜೆಗೆ ಬ್ಯಾಂಡು, ಕುಣಿತ ಎಲ್ಲವೂ ಮೊದಲಿನಿಂದಲೇ ಇತ್ತು. ಅಲ್ಲಿ ಮೊಳಗುತ್ತಿದ್ದದ್ದು ವಿಲ್ಫಿ ರೆಬಿಂಬಸ್ ಅವರ ಹಾಡುಗಳು. 2010ರಲ್ಲಿ ತೀರಿಕೊಂಡ ಮಂಗಳೂರಿನ ಈ ಗಾಯಕ ತಾವೇ ಬರೆದು, ರಾಗ ಹಾಕಿ, ಹಾಡಿ, ‘ವಿಲ್ಫಿ ನೈಟ್’ ಎಂದು ಊರೂರಿನಲ್ಲಿ ಸಂಗೀತ ಸಂಜೆ ಮಾಡಿ, ಕ್ಯಾಸೆಟ್ಟಿನಲ್ಲಿ ಮನೆಮನೆಗೆ ತಲುಪಿದವರು. ಸಿನಿಮಾ ಇಲ್ಲದೆ, ಸ್ವಂತ ಬಲದಿಂದ ಕರಾವಳಿಯನ್ನು ಕುಣಿಸಿದವರ ಸಾಲಿನಲ್ಲಿ ಅವರ ಹೆಸರು ಮೊದಲಿಗೇ ಬರಬೇಕು ಎನ್ನುವುದು ನಮ್ಮ ಅಭಿಪ್ರಾಯ. ಹಿಂದೂ ಮನೆಗಳ ಮೆಹಂದಿ ಇವತ್ತು ಇರುವ ರೂಪಕ್ಕೆ ಬಂದದ್ದು ಎಷ್ಟೋ ಆಮೇಲೆ. ಮದರಂಗಿ ಅರೆದು ಹಚ್ಚಿ, ಹೆಂಗಸರು ಶೋಭಾನೆ ಹೇಳುವಲ್ಲಿಗೆ ಮುಗಿಯುತ್ತಿದ್ದ ರಾತ್ರಿಗೆ ಮೊದಲು ರಸಮಂಜರಿ ಬಂತು, ನಂತರ ಡಿಜೆ ಬಂತು.

ಮೆಮೊರಿ ಕಾರ್ಡಿನ ಐವತ್ತು ರೂಪಾಯಿ

ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೆಮೊರಿ ಕಾರ್ಡ್ ಬಂತು. ಸಿಡಿಯ ಕಾಲ ಬಹಳ ಬೇಗ ಕಳೆದುಹೋಯಿತು, ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮೆಮೊರಿ ಕಾರ್ಡಿನದ್ದು ಮಾತ್ರ ಮರೆಯಲಾಗದ ಕಾಲ. ನಾವು ಹೈಸ್ಕೂಲಿನಲ್ಲಿದ್ದಾಗ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಐವತ್ತು ರೂಪಾಯಿ ಕೊಟ್ಟರೆ ಕಾರ್ಡು ತುಂಬ ಹಾಡು ತುಂಬಿಸಿ ಕೊಡುತ್ತಿದ್ದರು. ಯಾವ ಹಾಡು ಎಂದು ಆರಿಸುವುದು ನಾವಲ್ಲ, ಅಂಗಡಿಯವರು. “ಹೊಸತ್ ಎಲ್ಲಾ ಹಾಕಿದ್ದೆ” ಎಂದು ಹೇಳಿ ಕೊಡುತ್ತಿದ್ದರು. ಒಬ್ಬನ ಕಾರ್ಡಿನಿಂದ ಬ್ಲೂಟೂತಿನಲ್ಲಿ ಇಡೀ ಬಸ್ಸಿಗೆ ಹಂಚಿಕೆ ಆಗುತ್ತಿತ್ತು. ಹಾಡಿದವರ ಹೆಸರು ಇರಬೇಕಾದ ಜಾಗದಲ್ಲಿ ಯಾವುದೋ ವೆಬ್‌ಸೈಟಿನ ಹೆಸರು. ಹಾಡಿನಿಂದ ಹೆಸರು ಕಳಚಿಕೊಳ್ಳಲು ಶುರುವಾದದ್ದು ಅಲ್ಲೇ ಎಂದು ನಮಗೆ ಅನ್ನಿಸುತ್ತದೆ. ಅಂಗಡಿಯವರಿಗೆ ಐವತ್ತು ರೂಪಾಯಿ ಬಂತು, ಹಾಡಿದವರಿಗೆ ಐದು ಪೈಸೆಯೂ ಬರಲಿಲ್ಲ. ನಾವೂ ಆ ಪಾಪದಲ್ಲಿ ಪಾಲುದಾರರೇ.

ಅಷ್ಟರಲ್ಲಿ ಹೊರಗೆ ಪ್ರಪಂಚ ಬದಲಾಗುತ್ತಿತ್ತು. 2011ರ ನವೆಂಬರಿನಲ್ಲಿ ‘ಕೊಲವೆರಿ ಡಿ’ ಬಂತು, ತಮಿಳು ಬಾರದ ನಮ್ಮ ಶಾಲೆಯ ಮಕ್ಕಳೂ ಅದನ್ನು ಹೇಳಿದರು. 2012ರ ಜುಲೈನಲ್ಲಿ ಕೊರಿಯಾದಿಂದ ‘ಗಂಗ್ನಮ್ ಸ್ಟೈಲ್’ ಬಂದು, ಅದೇ ಡಿಸೆಂಬರ್ 21ರಂದು ಯೂಟ್ಯೂಬಿನಲ್ಲಿ 100 ಕೋಟಿ ಸಲ ನೋಡಿಸಿಕೊಂಡ ಮೊದಲ ವಿಡಿಯೋ ಆಯಿತು. ಭಾಷೆ ಗೊತ್ತಿಲ್ಲದಿದ್ದರೂ ಕಾಲು ಕುಣಿಯುತ್ತದೆ ಎನ್ನುವುದು ಎಲ್ಲರಿಗೂ ಲೆಕ್ಕದಲ್ಲಿ ಕಂಡದ್ದು ಆಗ.

ಕನ್ನಡದಲ್ಲಿ ಸಿನಿಮಾ ಬಿಟ್ಟು ಬಿಡಿ ಹಾಡು ಮಾಡಿ ಗೆಲ್ಲಬಹುದು ಎಂದು ದೊಡ್ಡದಾಗಿ ತೋರಿಸಿದವರು ಹಾಸನ ಜಿಲ್ಲೆ ಶಾಂತಿಗ್ರಾಮದ ಚಂದನ್ ಶೆಟ್ಟಿ. ‘ಹಾಳಾಗೋದೆ’, ‘3 ಪೆಗ್’ ಎಂಬ ಕುಣಿಯುವ ಹಾಡುಗಳಿಂದ ಹೆಸರು ಮಾಡಿ, 2018ರ ಜನವರಿಯಲ್ಲಿ ಬಿಗ್ ಬಾಸ್ ಐದನೇ ಸೀಸನ್ ಗೆದ್ದರು. ಆ ಹಾಡುಗಳ ಮಾತು ಎಲ್ಲರಿಗೂ ಹಿಡಿಸಬೇಕೆಂದಿಲ್ಲ, ನಮ್ಮಲ್ಲೇ ಜಗಳ ಇದೆ. ಆದರೆ ದಾರಿ ಕಂಡಿತು ಎನ್ನುವುದು ನಿಜ.

ಆ ದಾರಿಗೆ ಡಾಂಬರು ಹಾಕಿದ್ದು 2016ರ ಸೆಪ್ಟೆಂಬರ್ 5ರಂದು ಶುರುವಾದ ಜಿಯೋ. ಒಂದು ತಿಂಗಳಿಗೆ ಹಾಕಿಸಿದ ಡೇಟಾವನ್ನು ತುಪ್ಪದ ಹಾಗೆ ಬಳಸುತ್ತಿದ್ದವರು ದಿನವಿಡೀ ವಿಡಿಯೋ ನೋಡುವಂತಾಯಿತು. ಕೊಲ್ಲೂರು, ಜಡ್ಕಲ್, ಅಮಾಸೆಬೈಲಿನ ಘಟ್ಟದ ಬುಡದಲ್ಲಿ ಮಾತ್ರ ನೆಟ್‌ವರ್ಕಿಗಾಗಿ ಗುಡ್ಡ ಹತ್ತುವ ಕೆಲಸ ತಪ್ಪಲಿಲ್ಲ. ಆಮೇಲೆ ಟಿಕ್‌ಟಾಕ್. ನಮ್ಮ ಊರಿನ ಮೀನು ಮಾರುವ ಹೆಂಗಸರು, ಗಾರೆ ಕೆಲಸದವರು, ಐಟಿಐ ಹುಡುಗರು ಮೊದಲ ಸಲ ತಮ್ಮ ಮುಖವನ್ನು ತಾವೇ ಊರಿಗೆ ತೋರಿಸಿದ್ದು ಅಲ್ಲಿ. 2020ರ ಜೂನ್ 29ರಂದು ಸರಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದಾಯಿತು. ಒಂದೇ ರಾತ್ರಿಯಲ್ಲಿ ಎಷ್ಟೋ ಜನರ ಎರಡು ವರ್ಷದ ಸಂಪಾದನೆ ಮಣ್ಣಾಯಿತು. ಹತ್ತು ದಿನ ಕಳೆಯುವ ಮೊದಲು, ಜುಲೈ 8ಕ್ಕೆ ಇನ್‌ಸ್ಟಾಗ್ರಾಮ್ ರೀಲ್ಸನ್ನು ಭಾರತಕ್ಕೆ ತಂದಿತು. ಖಾಲಿಯಾದ ಅಂಗಳದಲ್ಲಿ ಇನ್ನೊಬ್ಬರು ಶಾಮಿಯಾನ ಹಾಕಿದ ಹಾಗೆ.

ರೀಲ್ಸಿನ ಗುಣ ಎಂದರೆ ಅದಕ್ಕೆ ಇಡೀ ಹಾಡು ಬೇಡ, ಒಂದು ತುಂಡು ಸಾಕು. ಹಾಡು ಹೊಸದೇ ಆಗಬೇಕೆಂದೂ ಇಲ್ಲ. 1999ರ ‘ಉಪೇಂದ್ರ’ ಸಿನಿಮಾದ, ಮಂಗಳೂರಿನವರೇ ಆದ ಗುರುಕಿರಣ್ ಸಂಗೀತದ ‘ಕರಿಮಣಿ ಮಾಲೀಕ’ 25 ವರ್ಷ ಕಳೆದು 2024ರಲ್ಲಿ ಮತ್ತೆ ಎಲ್ಲರ ಬಾಯಿಗೆ ಬಂದದ್ದು ಹಾಗೆಯೇ.

ಬಸ್ರೂರಿನ ಕುಲುಮೆ

ನಮ್ಮ ಕಡೆಯ ಸ್ವಂತ ಪ್ರಯತ್ನದ ಕತೆ ಹೇಳುವಾಗ ರವಿ ಬಸ್ರೂರು ಅವರನ್ನು ಬಿಡಲಾಗದು. ಮೂಲ ಹೆಸರು ಕಿರಣ್, ಊರು ಕುಂದಾಪುರ ತಾಲೂಕಿನ ಬಸ್ರೂರು. ಲೋಹ, ಮರ, ಶಿಲ್ಪದ ಕೆಲಸ ಮಾಡುವ ಮನೆತನ. 2014ರಲ್ಲಿ ‘ಉಗ್ರಂ’ ಸಿನಿಮಾದ ಸಂಗೀತದಿಂದ ಹೆಸರಾದರು. 2018ರ ‘ಕೆಜಿಎಫ್’ ಅವರನ್ನು ಇಡೀ ದೇಶಕ್ಕೆ ತೋರಿಸಿತು. ನಮಗೆ ಇಲ್ಲಿ ಮುಖ್ಯವಾದದ್ದು ಅದಲ್ಲ. ‘ಉಗ್ರಂ’ ಬಂದ 2014ರಲ್ಲೇ ಅವರು ‘ಗರ್ ಗರ್ ಮಂಡ್ಲ’ ಎಂಬ ಸಿನಿಮಾವನ್ನು ಕುಂದಾಪ್ರ ಕನ್ನಡದಲ್ಲಿ ಮಾಡಿದರು. 2016ರಲ್ಲಿ ‘ಬಿಲಿಂಡರ್’. ಮೂರು ತಾಲೂಕಿನ ಹೊರಗೆ ಅರ್ಧ ಜನರಿಗೆ ಅರ್ಥವಾಗದ ಮಾತಿನಲ್ಲಿ ಸಿನಿಮಾ, ಹಾಡು ಮಾಡುವುದೆಂದರೆ ಲಾಭದ ಲೆಕ್ಕ ಹಾಕುವವರು ಮಾಡುವ ಕೆಲಸವಲ್ಲ.

2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವರು ತಂದೆಯ ಕುಲುಮೆಯಲ್ಲಿ ಕೆಲಸ ಮಾಡಿ, 35 ರೂಪಾಯಿ ದುಡಿದೆ ಎಂದು ಫೇಸ್‌ಬುಕ್ಕಿನಲ್ಲಿ ವಿಡಿಯೋ ಹಾಕಿದ್ದರು. ನಿಮ್ಮಲ್ಲಿ ಹೆಚ್ಚಿನವರು ನೋಡಿರುತ್ತೀರಿ. ‘ಕೆಜಿಎಫ್ 2’ರ ಸಂಗೀತದ ಕೆಲಸ ಬಸ್ರೂರಿನಲ್ಲೇ ನಡೆಯಿತು. ದೊಡ್ಡ ಸ್ಟುಡಿಯೋ ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಇರಬೇಕು ಎಂಬ ನಂಬಿಕೆ ನಮ್ಮ ಹುಡುಗರ ತಲೆಯಿಂದ ಹೋದದ್ದು ಅಂದಿನಿಂದ. ಬಸ್ರೂರಿನಲ್ಲಿ ಆಗುವುದಾದರೆ ಶಿರೂರಿನಲ್ಲಿ ಯಾಕಾಗಬಾರದು?

ಭಾಷೆಯ ಬಗೆಗಿನ ಸಂಕೋಚವೂ ಇದೇ ಹೊತ್ತಿಗೆ ಕಡಿಮೆಯಾಯಿತು. 2019ರಿಂದ ಆಷಾಢದ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನ ನಡೆಯುತ್ತಿದೆ. 2022ರ ‘ಕಾಂತಾರ’ದಲ್ಲಿ ಪ್ರಮೋದ್ ಮರವಂತೆ ಬರೆದ ‘ಸಿಂಗಾರ ಸಿರಿಯೆ’ ರೀಲ್ಸಿನಲ್ಲಿ ದೇಶವಿಡೀ ಓಡಿತು. ಮರವಂತೆಯ ಮಾತು ಪಂಜಾಬಿನವರ ಬಾಯಲ್ಲಿ! ಅದು ಸಿನಿಮಾ ಹಾಡು, ಬೆನ್ನಿಗೆ ದೊಡ್ಡ ಕಂಪನಿ ಇತ್ತು ಎನ್ನುವುದನ್ನು ಮರೆಯಬಾರದು.

ಹಾಗಿದ್ದರೆ ಸಿನಿಮಾದ ಬೆನ್ನಿಲ್ಲದೆ, ‘ನಾ ಡ್ರೈವರ’ದ ಹಾಗೆ ನಮ್ಮ ಪದ್ಯವೊಂದು ಹೊರಗೆ ಹೋಗದೆ ಇರುವುದು ಯಾಕೆ? ನಾವು ಒಂದು ಸಂಜೆ ಕೋಡಿ ಕಡಲ ದಂಡೆಯಲ್ಲಿ ಕೂತು ಇದನ್ನು ತುಂಬ ಹೊತ್ತು ಚರ್ಚೆ ಮಾಡಿದೆವು. ನಮಗೆ ಹೊಳೆದದ್ದು ಇಷ್ಟು.

ಒಂದನೆಯದು ನಾಲಗೆಯ ವಿಷಯ. ಕುಂದಾಪ್ರ ಕನ್ನಡ ಸ್ವರಗಳನ್ನು ನುಂಗುತ್ತದೆ. ‘ಬರಬೇಕು’ ನಾಲ್ಕು ಅಕ್ಷರ, ನಮಗೆ ಅದು ‘ಬರ್ಕ್’. ‘ಹೋಗಬೇಕು’ ನಮಗೆ ‘ಹೋಯ್ಕ್’. ವೇಗದ ತಾಳಕ್ಕೆ ಇದು ಚಿನ್ನದಂಥ ಗುಣ, ಒಂದು ಸಾಲಿನಲ್ಲಿ ಎರಡು ಸಾಲಿನ ಮಾತು ಹಿಡಿಯುತ್ತದೆ. ಆದರೆ ಮಾತು ಕೊನೆಯಲ್ಲಿ ತಟ್ಟನೆ ಕಡಿದು ಹೋಗುತ್ತದೆ, ಎಳೆಯಲು ಸ್ವರ ಉಳಿಯುವುದಿಲ್ಲ. ಬೆಳಗಾವಿ, ಬಾಗಲಕೋಟೆಯ ಮಾತು ‘ಆ’ ಎಂದು ಬಾಯಿ ತೆರೆದು ಮುಗಿಯುತ್ತದೆ. ‘ಡ್ರೈವರಾ’ ಎಂದು ನೂರು ಜನ ಒಟ್ಟಿಗೆ ಎಳೆದು ಕೂಗಬಹುದು. ‘ಹೋಯ್ಕ್’ ಎಂದು ನೂರು ಜನ ಎಳೆಯಲಿ ನೋಡುವ!

ಇನ್ನೊಂದು ಯಕ್ಷಗಾನವೇ ಮಾಡಿಟ್ಟದ್ದು. ಬಡಗಿನ ಆಟದಲ್ಲಿ ಪದ್ಯ ಹಳೆಯ ಗ್ರಾಂಥಿಕ ಕನ್ನಡದಲ್ಲಿ, ರಾಜರ ಮಾತು ಶುದ್ಧ ಕನ್ನಡದಲ್ಲಿ. ನಮ್ಮ ಮನೆಯ ಕನ್ನಡ ರಂಗಸ್ಥಳಕ್ಕೆ ಬರುತ್ತಿದ್ದದ್ದು ಹಾಸ್ಯಗಾರನ ಬಾಯಲ್ಲಿ ಮಾತ್ರ. ತಲೆತಲಾಂತರದಿಂದ ನಮ್ಮ ಕಿವಿ ಹೀಗೇ ಪಳಗಿದೆ: ಹಾಡುವುದಾದರೆ ಅವರ ಕನ್ನಡ, ನಗಿಸುವುದಾದರೆ ನಮ್ಮ ಕನ್ನಡ. ಇವತ್ತೂ ನಿಮ್ಮ ಫೋನ್ ತೆಗೆದು ನೋಡಿ. ಕುಂದಾಪ್ರ ಕನ್ನಡದ ವಿಡಿಯೋ ಎಂದರೆ ಹತ್ತರಲ್ಲಿ ಎಂಟು ತಮಾಷೆಯವು. ತಮಾಷೆ ಕೆಟ್ಟದ್ದಲ್ಲ, ನಾವೂ ನಕ್ಕವರೇ. ಆದರೆ ಪ್ರೀತಿ, ವಿರಹ, ಸಿಟ್ಟು ಈ ಮಾತಿನಲ್ಲಿ ಹಾಡಾಗಿ ಬಂದರೂ ಕೇಳುವವರು ಮೊದಲು ನಗುತ್ತಾರೆ. ಉತ್ತರ ಕರ್ನಾಟಕದವರಿಗೆ ಈ ತೊಂದರೆ ಇಲ್ಲ. ಅಲ್ಲಿ ಡೊಳ್ಳಿನ ಪದ, ಗೀಗೀ ಪದ, ಭಜನಾ ಪದ ಎಲ್ಲವೂ ಮನೆಯ ಮಾತಿಗೆ ಹತ್ತಿರ. ಅಲ್ಲಿಂದ ಟ್ರ್ಯಾಕ್ಟರಿನ ಸ್ಪೀಕರಿಗೆ, ಟ್ರ್ಯಾಕ್ಟರಿನಿಂದ ಯೂಟ್ಯೂಬಿಗೆ ಒಂದೇ ದಾರಿ. ‘ನಾ ಡ್ರೈವರ’ ಆಕಾಶದಿಂದ ಉದುರಿದ್ದಲ್ಲ, ಆ ದಾರಿಯ ಮೇಲೆ ಬಂದದ್ದು.

ನಮ್ಮ ಹೆಂಗಸರ ಶೋಭಾನೆ, ನಟ್ಟಿಯ ಹಾಡುಗಳಲ್ಲಿ ಮನೆಯ ಮಾತಿದೆ. ಆದರೆ ಅದು ಅಡುಗೆ ಮನೆ, ಗದ್ದೆಯಿಂದ ಆಚೆ ಬರಲಿಲ್ಲ, ಕ್ಯಾಸೆಟ್ಟಿಗೆ ಹಿಡಿಯಲು ಯಾರೂ ಟೇಪ್ ಹಿಡಿದುಕೊಂಡು ಹೋಗಲಿಲ್ಲ. ನಟ್ಟಿ ಯಂತ್ರ ಬಂದ ಮೇಲೆ ಹಾಡು ಗೊತ್ತಿದ್ದವರೂ ಮರೆಯುತ್ತಿದ್ದಾರೆ.

ಒಬ್ಬ ಹುಡುಗ, ಒಂದು ಲ್ಯಾಪ್‌ಟಾಪ್

ನಮ್ಮ ಪರಿಚಯದ ಹುಡುಗನೊಬ್ಬ ಇದ್ದಾನೆ. ಬೈಂದೂರಿನ ಕಡೆಯವನು, ವೈರಿಂಗ್ ಕೆಲಸ. ಹೆಸರು ಹಾಕಬೇಡಿ ಎಂದಿದ್ದಾನೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಎಫ್‌ಎಲ್ ಸ್ಟುಡಿಯೋ ಹಾಕಿಕೊಂಡು, ಯೂಟ್ಯೂಬ್ ನೋಡಿಯೇ ತಾಳ ಜೋಡಿಸಲು ಕಲಿತ. ಗುಮಟೆಯ ಸದ್ದನ್ನು ಫೋನಿನಲ್ಲಿ ಹಿಡಿದು ತಂದು ತುಂಡು ಮಾಡಿ ಬೀಟಿಗೆ ಕೂರಿಸಿದ. ಮಾತು ನಮ್ಮದೇ ಕನ್ನಡ, ವಿಷಯ ಮುಂಬೈ ಬಸ್ಸು ಹತ್ತಿದ ಹುಡುಗಿ. ಮಲಗುವ ಕೋಣೆಯ ಕಿಟಕಿಗೆ ಚಾಪೆ, ಹೊದಿಕೆ ಕಟ್ಟಿ ಹಾಡಿ ರೆಕಾರ್ಡ್ ಮಾಡಿದ. ಮಳೆ ಬಂದರೆ ಹಂಚಿನ ಸದ್ದು, ಹಾಗಾಗಿ ಜೂನಿನಲ್ಲಿ ಶುರು ಮಾಡಿದ್ದು ದೀಪಾವಳಿಯ ಹೊತ್ತಿಗೆ ಮುಗಿಯಿತು. ವಿಡಿಯೋಕ್ಕೆ ಗೆಳೆಯನ ಕ್ಯಾಮೆರಾ, ಸೋಮೇಶ್ವರ ಕಡಲ ದಂಡೆ, ಖರ್ಚು ಎರಡು ಊಟ.

ಹಾಡು ಓಡಿತು, ರಾಯಬಾಗದಷ್ಟಲ್ಲ, ನಮ್ಮ ಮಟ್ಟಿಗೆ. ಆದರೆ ಯಾರೋ ಹಾಡಿನ ಹದಿನೈದು ಸೆಕೆಂಡ್ ಕತ್ತರಿಸಿ ತಮ್ಮ ಪೇಜಿನಲ್ಲಿ ಹಾಕಿದರು. ರೀಲ್ಸ್ ಮಾಡಿದವರೆಲ್ಲ ಅಲ್ಲಿಂದ ಎತ್ತಿಕೊಂಡರು. ಹಾಡಿನ ಕೆಳಗೆ ‘ಒರಿಜಿನಲ್ ಆಡಿಯೋ’ ಎಂದು ಆ ಪೇಜಿನ ಹೆಸರು. ಹುಡುಗನ ಚಾನೆಲ್ಲಿಗೆ ಬಂದವರು ಬೆರಳೆಣಿಕೆ. ಒಂದು ಮೆಹಂದಿಯಲ್ಲಿ ವೈರಿಂಗ್ ಮಾಡಲು ಹೋಗಿದ್ದಾಗ ಡಿಜೆಯವರು ಅವನದ್ದೇ ಹಾಡು ಹಾಕಿದರಂತೆ. “ಇದ್ ನಂದೇ ಮಾರಾಯ್ರೆ” ಎಂದರೆ ಯಾರೂ ನಂಬಲಿಲ್ಲ.

ಇದು ಅವನೊಬ್ಬನ ಕತೆಯಲ್ಲ. 2020ರಲ್ಲಿ ಬಾದ್‌ಶಾ ‘ಗೇಂದಾ ಫೂಲ್’ ಹಾಡಿನಲ್ಲಿ ಬಂಗಾಳದ ರತನ್ ಕಹಾರ್ ಅವರ ಹಳೆಯ ಜನಪದ ಹಾಡಿನ ಸಾಲುಗಳನ್ನು ಹೆಸರು ಹಾಕದೆ ಬಳಸಿಕೊಂಡದ್ದು ಗಲಾಟೆಯಾಯಿತು. ಕೊನೆಗೆ ಬಾದ್‌ಶಾ ಆ ವೃದ್ಧರಿಗೆ 5 ಲಕ್ಷ ರೂಪಾಯಿ ಕಳಿಸಿದರು. ಅದೇ ಬಂಗಾಳದ ಕಡಲೆಕಾಯಿ ಮಾರುವ ಭುವನ್ ಬಡ್ಯಾಕರ್ ‘ಕಚ್ಚಾ ಬಾದಾಮ್’ ಎಂದು ಕೂಗಿದ್ದಕ್ಕೆ ಜಗತ್ತೇ ಕುಣಿಯಿತು. ಆಮೇಲೆ ತನ್ನ ಹಾಡನ್ನು ತಾನೇ ಹಾಡಲಾಗದಂತೆ ಹಕ್ಕು ಕೈತಪ್ಪಿದೆ ಎಂದು ಅವರು ದೂರಿದರು. 2021ರ ಮಾರ್ಚ್‌ನಲ್ಲಿ ಬಂದ ತಮಿಳಿನ ‘ಎಂಜಾಯ್ ಎಂಜಾಮಿ’ ಸಿನಿಮಾದ ಹಂಗಿಲ್ಲದೆ ಬೆಳೆದ ಹಾಡು. ಮೂರು ವರ್ಷದ ನಂತರ ಸಂಗೀತಗಾರ ಸಂತೋಷ್ ನಾರಾಯಣನ್, ಆ ಹಾಡಿನಿಂದ ತಮ್ಮ ಮೂವರು ಕಲಾವಿದರಿಗೆ ಒಂದು ಪೈಸೆಯೂ ಬಂದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಊರು ಕುಣಿದ ಸದ್ದಿನ ಹಿಂದೆ ಯಾರಿದ್ದರು ಎಂಬ ಪ್ರಶ್ನೆ ಮತ್ತೆ ಬರುತ್ತದೆ ಎಂದೆವಲ್ಲ, ಇದೇ ಅದು.

ಹಾಡು ಕಟ್ಟುವ ಹುಡುಗ ಹುಡುಗಿಯರು ನಿಮ್ಮ ಮನೆಯಲ್ಲಿದ್ದರೆ ಒಂದಿಷ್ಟು ವಿಷಯ ಗೊತ್ತಿರಲಿ. ಒಂದು ಹಾಡಿನಲ್ಲಿ ಮೂರು ಬೇರೆ ಬೇರೆ ಆಸ್ತಿ ಇದೆ: ಬರೆದ ಸಾಹಿತ್ಯ, ಹಾಕಿದ ರಾಗ, ಮಾಡಿದ ರೆಕಾರ್ಡಿಂಗ್. ಮೂರನ್ನೂ ನೀವೇ ಮಾಡಿದ್ದರೆ ಮೂರೂ ನಿಮ್ಮದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕು ಹುಟ್ಟಲು ನೋಂದಣಿ ಬೇಕಾಗಿಲ್ಲ, ಹಾಡು ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ. ಯಾರಾದರೂ ಚಾನೆಲ್ಲಿನವರು ಕಾಗದ ತಂದು ಸಹಿ ಕೇಳಿದರೆ ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಎಂದು ನೋಡಿ. ಕಾಗದದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ತಿಳಿಯುತ್ತದೆ. ‘ಶಾಶ್ವತವಾಗಿ, ಇಡೀ ಪ್ರಪಂಚಕ್ಕೆ’ ಎಂದು ಬರೆದಿದ್ದರೆ ಮಾತ್ರ ಮನೆಯ ಪಹಣಿ ಬರೆದುಕೊಟ್ಟಷ್ಟೇ ಗಂಭೀರ. ಹಾಗೆ ಬರೆದುಕೊಟ್ಟರೂ ಸಾಹಿತ್ಯ, ರಾಗ ಮಾಡಿದವರ ರಾಯಧನದ ಪಾಲನ್ನು ಬಿಟ್ಟುಕೊಡುವಂತೆ ಮಾಡಲಾಗದು ಎಂದು 2012ರ ತಿದ್ದುಪಡಿ ಹೇಳುತ್ತದೆ.

ಯೂಟ್ಯೂಬಿನಲ್ಲಿ ಜಾಹೀರಾತಿನ ಹಣ ಬರಬೇಕಾದರೆ 1,000 ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ ಬೇಕು. ಉದ್ದದ ವಿಡಿಯೋದ ಜಾಹೀರಾತಿನಲ್ಲಿ ಮಾಡಿದವರಿಗೆ ಶೇ. 55 ಸಿಗುತ್ತದೆ. ರೀಲ್ಸಿನಲ್ಲಿ ನಿಮ್ಮ ಹೆಸರಿನಲ್ಲೇ ಹಾಡು ಸಿಗಬೇಕಾದರೆ ಬಿಡುಗಡೆಗೆ ಮೊದಲೇ ಹಾಡು ವಿತರಿಸುವ ಕಂಪನಿಯ ಮೂಲಕ ಅದನ್ನು ಇನ್‌ಸ್ಟಾಗ್ರಾಮಿನ ಹಾಡುಗಳ ಪಟ್ಟಿಗೆ ಸೇರಿಸಿಡಬೇಕು. ನಮ್ಮ ವೈರಿಂಗ್ ಹುಡುಗನಿಗೆ ಗೊತ್ತಿಲ್ಲದೆ ಹೋದದ್ದು ಈ ಒಂದು ಹೆಜ್ಜೆ. ಯಾವ ಶಾಲೆಯಲ್ಲೂ ಇದನ್ನು ಕಲಿಸುವುದಿಲ್ಲ. ಪತ್ರಿಕೋದ್ಯಮ ಓದಿದ ನಮಗೂ ಅವನ ಹಾಡು ಕೈತಪ್ಪಿದ ಮೇಲೆಯೇ ಗೊತ್ತಾದದ್ದು.

ಊರಿನ ಸೊತ್ತನ್ನು ಬಳಸುವಾಗಲೂ ಎಚ್ಚರ ಬೇಕು. 2020ರ ಆಗಸ್ಟ್‌ನಲ್ಲಿ ಚಂದನ್ ಶೆಟ್ಟಿ ಮಲೆ ಮಹದೇಶ್ವರರ ಜನಪದ ಹಾಡನ್ನು ಆಧರಿಸಿ ‘ಕೋಲುಮಂಡೆ’ ಮಾಡಿದಾಗ, ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಬೇಸರಪಟ್ಟರು. ಕ್ಷಮೆ ಕೇಳಿ ವಿಡಿಯೋ ತೆಗೆಯಬೇಕಾಯಿತು. ‘ಕಾಂತಾರ’ ಬಂದ ಮೇಲೆ ದೈವದ ವೇಷ ಹಾಕಿ ರೀಲ್ಸ್ ಮಾಡಿದವರಿಗೆ ನಮ್ಮ ಕಡೆಯೂ ಇದೇ ಮಾತು ಬಂದಿತ್ತು. ಗುಮಟೆಯ ಸದ್ದನ್ನು ಹಿಡಿದು ತಂದ ಹುಡುಗನನ್ನು ನಾವು ಕೇಳಿದೆವು: ಬಾರಿಸಿದವರ ಹೆಸರು ಹಾಕಿದ್ದೀಯಾ? ಸ್ವಲ್ಪ ಹೊತ್ತು ಸುಮ್ಮನಿದ್ದ. ಮರುದಿನ ವಿಡಿಯೋದ ಕೆಳಗೆ ಐದು ಜನರ ಹೆಸರು ಬಂತು.

ಆ ಮೆಹಂದಿ ರಾತ್ರಿಗೆ ಬರುವ. ಹತ್ತು ಗಂಟೆಯಾಗುತ್ತಿದ್ದಂತೆ ಮದುಮಗಳ ಮಾವ ಡಿಜೆಯವರಿಗೆ ಕೈ ಮಾಡಿದರು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು ಎನ್ನುವುದು 2000ದ ಶಬ್ದ ಮಾಲಿನ್ಯ ನಿಯಮ. ಪೆಟ್ಟಿಗೆ ಬಂದ್ ಆಯಿತು. ಹುಡುಗರು ಗೊಣಗಿದರು. ಅಷ್ಟರಲ್ಲಿ ಜಗಲಿಯ ಅಜ್ಜಿ, ಕೈಗೆ ಮದರಂಗಿ ಹಚ್ಚಿಸಿಕೊಳ್ಳುತ್ತಲೇ, ಮೈಕಿಲ್ಲದೆ ಒಂದು ಶೋಭಾನೆ ಎತ್ತಿಕೊಂಡರು. ಎರಡನೇ ಸಾಲಿಗೆ ಇನ್ನಿಬ್ಬರು ಅಜ್ಜಿಯರು ಸೇರಿಕೊಂಡರು. ಪೂರ್ತಿ ನಮ್ಮ ಮಾತು, ಯಾರೂ ನಗಲಿಲ್ಲ. ನಮ್ಮಲ್ಲೊಬ್ಬಳು ಮೆಲ್ಲಗೆ ಫೋನ್ ತೆಗೆದು ರೆಕಾರ್ಡ್ ಬಟನ್ ಒತ್ತಿದಳು. ಹಾಡು ಮುಗಿದ ಮೇಲೆ ಅಜ್ಜಿಯ ಹತ್ತಿರ ಹೋಗಿ ಅವರ ಪೂರ್ತಿ ಹೆಸರು, ಹಾಡು ಕಲಿಸಿದವರ ಹೆಸರು ಕೇಳಿ ಬರೆದುಕೊಂಡಳು. “ಹೆಸ್ರ್ ಎಂತಕ್ಕೆ ಮಗಾ?” ಎಂದು ಅಜ್ಜಿ ಕೇಳಿದರು. ಬೈಂದೂರಿನ ಹುಡುಗನಿಗೆ ಆ ರೆಕಾರ್ಡಿಂಗ್ ಕಳಿಸಿದ್ದೇವೆ, ಅಜ್ಜಿಯ ಒಪ್ಪಿಗೆ ಕೇಳಿಯೇ. ಮಳೆ ಬಿಟ್ಟ ಮೇಲೆ ಕೆಲಸ ಶುರು ಮಾಡುತ್ತೇನೆ ಎಂದಿದ್ದಾನೆ.